ಇಂಜಿನ್ನಿನಲ್ಲಿ ಉಳಿದ ನೀರು

ಕಾರ್ಖಾನೆಯಲ್ಲಿ ಎರಡು ಪಾಳಿ ದುಡಿದು ಬಂದ ಸಂಗನಬಸಪ್ಪನಿಗೆ ಬೇಕಾಗಿದ್ದದ್ದು ಹಾಸಿಗೆಯೊಂದೇ. ಆದರೆ ರಾತ್ರಿ ಹತ್ತೊಂಬತ್ತು ಫ್ಯಾರನ್‌ಹೀಟ್, ನೀರು ಕಲ್ಲಾಗುವ ಚಳಿ ಎಂದು ಫೋನು ಬೆಳಗಿನಿಂದ ಬಡಿದುಕೊಳ್ಳುತ್ತಿತ್ತು. ಕ್ಯಾಂಟನ್ ಊರಿನ ಅವನ ಮನೆ ಮುಂದೆ ಟ್ರೇಲರಿನ ಮೇಲೆ ದೋಣಿ ನಿಂತಿತ್ತು. ಅದರ ಹೊಟ್ಟೆಯೊಳಗಿನ ಇಂಜಿನ್ ಹೊರಗಿನ ನೀರನ್ನೇ ಕುಡಿದು ತಣ್ಣಗಾಗುವಂಥದು. ಆ ನೀರು ಒಳಗೇ ಉಳಿದು ಹೆಪ್ಪುಗಟ್ಟಿದರೆ ಎರಕದ ಕಬ್ಬಿಣ ಬಿರಿಯುತ್ತದೆ. ಆಮೇಲೆ ದೋಣಿ ಗುಜರಿಗೆ.

ದೋಣಿಯಲ್ಲಿ ಅರ್ಧ ಪಾಲು ಅಲೀಮನದು. ಮೂರು ಮನೆ ಆಚೆ ಇರುವ ಅವನೇ ಪ್ರತಿ ವರ್ಷ ಆ ನೀರು ಹೊರದಬ್ಬಿ, ಹೆಪ್ಪುಗಟ್ಟದ ಗುಲಾಬಿ ದ್ರವ ಆ್ಯಂಟಿಫ್ರೀಝ್ ತುಂಬುತ್ತಿದ್ದ. ಈ ಸಲ ಬೆನ್ನಿನ ಆಪರೇಷನ್ ಆಗಿತ್ತು. ಜೂನಿಗೆ ದೋಣಿ ಹತ್ತಬಹುದು ಎಂದು ಡಾಕ್ಟರು ಹೇಳಿದ್ದನ್ನೇ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ. ಈಗ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು, ಮನೆಯಿಂದ ತರಿಸಿದ ಮಡಚುವ ಕುರ್ಚಿಯಲ್ಲಿ ಕೆಳಗೆ ಕೂತಿದ್ದ.

"ಇಪ್ಪತ್ತು ಮಿನಿಟ್ ಓಡ್ಲಿ ಬಸಣ್ಣ. ಇಂಜಿನ್ ಕಾದು ಬಿಸಿ ಆಗಲಿಲ್ಲ ಅಂದ್ರ ಒಳಗಿನ ಥರ್ಮೋಸ್ಟಾಟ್ ಮುಚ್ಚಳ ಬಾಯಿ ತೆಗಿಯಂಗಿಲ್ಲ. ಆ್ಯಂಟಿಫ್ರೀಝ್ ಒಳಗ ಹೋಗದಂಗ ಸೀದಾ ಹೊರಗ ಬೀಳ್ತದ."

"ಹದಿನಾರು ತಾಸು ನಿಂತು ಬಂದೀನಿ. ನೀ ಕುಂತು ಆರ್ಡರ್ ಕೊಡ್ತಿ."

ಇಂಜಿನ್ ಶುರುವಾಗಿ ಐದು ಮಿನಿಟೂ ಆಗಿರಲಿಲ್ಲ. ಸಂಗನಬಸಪ್ಪ ನಲ್ಲಿಯಿಂದ ಇಂಜಿನ್ನಿಗೆ ನೀರು ಕೊಡುತ್ತಿದ್ದ ಪೈಪು ಕಿತ್ತು ಆ್ಯಂಟಿಫ್ರೀಝ್ ಬಕೆಟ್ಟಿಗೆ ಇಳಿಬಿಟ್ಟ. ಇಂಜಿನ್ ಅದನ್ನು ಗಟಗಟ ಎಳೆಯಿತು. ದೋಣಿಯ ಹಿಂದಿನಿಂದ ಗುಲಾಬಿ ಬಣ್ಣ ಚೆಲ್ಲಿತು.

"ಬಂತು ನೋಡು. ಮುಗೀತು." ಇಂಜಿನ್ ಆರಿಸಿ, ಅದರ ಮೇಲೆ ಅಂಗೈ ಊರಿ ದೋಣಿಯಿಂದ ಇಳಿದ.

"ಬಿಸಿ ಆಗಿತ್ತಾ? ಮುಟ್ಟಿ ನೋಡ್ದಿ?"

"ನೋಡಿದ್ನಪಾ!" ನೋಡಿರಲಿಲ್ಲ. "ತನ್ನ ಸೊಂಟಾನ ನೆಟ್ಟಗಿಲ್ಲ, ನನ್ನ ಕೆಲಸ ನೆಟ್ಟಗ ಮಾಡಾಕ ಬಂದಾನ. ಮನಿಗೆ ಹೋಗು."

ಅಲೀಮ್ ಕೋಲೂರಿ ಎದ್ದ. ಮನೆ ಕಡೆ ನಡೆದ. ಕುರ್ಚಿ ಅಲ್ಲೇ ಉಳಿಯಿತು.

ಅಡುಗೆಮನೆಯಲ್ಲಿ ಹೆಂಡತಿ ಗುರುದೇವಿ ಸ್ಟೀಲ್ ಲೋಟದಲ್ಲಿ ಚಹಾ ಕೊಟ್ಟಳು. ಹಿಡಿದವನೇ ಕೈ ಕಿತ್ತುಕೊಂಡ.

"ಸುಡಾಕತ್ತೈತಿ! ಹಿಡಿಕಿ ಇರೋ ಕಪ್ಪು ಕೊಡಾಕ ಏನಾಗಿತ್ತ?"

"ಚಹಾ ಅಂದಮ್ಯಾಲ ಸುಡಬೇಕಲ್ರಿ. ಸಿಟ್ಟು ಪ್ಲಾಂಟಿನ್ಯಾಗ ಬಿಟ್ಟು ಬರ್ರಿ."

ಬೈಯಲು ಬಾಯಿ ತೆರೆದವನು ಅಂಗೈ ನೋಡಿಕೊಂಡ. ಇಂಜಿನ್ ಮೇಲೆ ಊರಿದ್ದು ಇದೇ ಕೈ. ಆಗ ಸುಟ್ಟಿರಲಿಲ್ಲ. ಬೆಚ್ಚಗೂ ಆಗಿರಲಿಲ್ಲ.

ಚಹಾ ಅಲ್ಲೇ ಬಿಟ್ಟು ಹೊರಬಂದ. ಬೆಳಕು ಆರುತ್ತಿತ್ತು. ಮೊಣಕಾಲು ನೋಯುತ್ತಿದ್ದರೂ ಮತ್ತೆ ದೋಣಿ ಹತ್ತಿ, ಇಂಜಿನ್ನಿನ ಎಡಮಗ್ಗುಲಲ್ಲಿ ನೀರು ಇಳಿಸುವ ತಿರುಪು ಬಿಚ್ಚಿದ. ಧಾರೆ ಸುರಿಯಿತು. ಅದರಲ್ಲಿ ಗುಲಾಬಿಯ ಸುಳಿವೂ ಇಲ್ಲ, ಬರೀ ನೀರು. ಬಲಮಗ್ಗುಲಿನದನ್ನೂ ಬಿಚ್ಚಿದ. ಎರಡು ಹನಿ ಬಿದ್ದು ನಿಂತಿತು. ಕೆಳಗಿಳಿದು ಅಲೀಮನ ಕುರ್ಚಿಯಲ್ಲಿ ಕುಸಿದ. ಬೆರಳುಗಳು ಮರಗಟ್ಟಿದ್ದವು. ಫೋನು ತೆಗೆದು ಅಲೀಮನ ನಂಬರು ಒತ್ತಿದ.

ಅಲೀಮ್ ಎತ್ತಿದ.

"ಒಳಗ ನೀರ ಇತ್ತೋ. ಮುಟ್ಟಿ ನೋಡಿದ್ನಿ ಅಂದದ್ದು ಸುಳ್ಳು."

"ಎರಡೂ ಕಡಿ ಬಂತೇನು?"

"ಎಡಕ ಅರ್ಧ ಬಕೆಟ್. ಬಲಕ ಎರಡು ಹನಿ. ಅದು ಖಾಲಿ ಐತಿ."

"ಖಾಲಿ ಹ್ಯಾಂಗ ಇರ್ತದ? ತೂತಿನ್ಯಾಗ ತುಕ್ಕು ಕಟ್ಟಿರ್ತದ. ತಂತಿ ಹಾಕಿ ಚುಚ್ಚು."

"ಈಗರೆ ಕುಂತೀನೋ ಮಾರಾಯ."

"ನನ್ನ ಕುರ್ಚಿ ಮ್ಯಾಲ?"

"ಹೂಂ."

"ಏಳು."

ಎದ್ದ. ಗರಾಜಿನಲ್ಲಿ ಬಟ್ಟೆ ಹ್ಯಾಂಗರೊಂದನ್ನು ನೆಟ್ಟಗೆ ಮಾಡಿಕೊಂಡು ಮೂರನೇ ಸಲ ದೋಣಿ ಹತ್ತಿದ. ಫೋನು ಸೀಟಿನ ಮೇಲಿಟ್ಟು, ಇಂಜಿನ್ ಪಕ್ಕ ಬೋರಲು ಮಲಗಿ ಚುಚ್ಚಿದ. ಏನೂ ಬರಲಿಲ್ಲ. ಮತ್ತೆ ಚುಚ್ಚಿದ. ತುಕ್ಕಿನ ಹಕ್ಕಳೆಯೊಂದು ಉದುರಿತು, ಅದರ ಹಿಂದೆಯೇ ಕೊರೆಯುವ ನೀರು ಅಂಗಿಯ ತೋಳಿನೊಳಗೆ ಮೊಣಕೈವರೆಗೂ ನುಗ್ಗಿತು. ಕೈ ಎಳೆದುಕೊಳ್ಳಲಿಲ್ಲ.

"ಬಂತಾ?" ಎಂದಿತು ಫೋನು.

"ಬಂತು."

"ಪೂರಾ ನಿಲ್ಲೋತನ ಬಿಡು. ಆಮೇಲೆ ಇನ್ನೂ ಮೂರು ಕಡಿ ಬಿಚ್ಚೂದು ಅದ."

ಸಂಗನಬಸಪ್ಪ ಒದ್ದೆ ತೋಳಿನಿಂದಲೇ ಮೂಗು ಒರೆಸಿಕೊಂಡ.

"ಇಡಬ್ಯಾಡ ಫೋನು," ಅಂದ. "ಹೇಳು, ಮುಂದ ಯಾವುದು?"