ಗಾಳಿ ಹಾಡಿದ ಜೋಗುಳ

ಗೋವಾದ ಬಾಯ್ನಾ ಕಡಲ ದಂಡೆಯ ಗುಡಿಸಲುಗಳನ್ನು ಸರಕಾರದವರು ಕೆಡವಿದ ಮೇಲೆ, ಅಲ್ಲಿದ್ದ ಸಾವಂತ್ರೆವ್ವ ಮಡಗಾಂವಿಗೆ ಬಂದು, ಮರಿಯಮಬಾಯಿಯ ಮನೆಯಲ್ಲಿ ಅಡುಗೆ ಕೆಲಸಕ್ಕೆ ನಿಂತಳು. ಮರಿಯಮಬಾಯಿ ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತಳಾದ ಹೆಂಗಸು. ಹಡಗಿನಲ್ಲಿ ದುಡಿಯುವ ಅವಳ ಮಗ ಆ ಸಲ ಊರಿಗೆ ಬರುವಾಗ ಮೆಕ್ಸಿಕೋದ ಹಾಡುಗಾರ್ತಿಯೊಬ್ಬಳ ಸಿ.ಡಿ. ತಂದಿದ್ದ.

ಸಾವಂತ್ರೆವ್ವ ಬಂಗಡೆ ಮೀನು ಸ್ವಚ್ಛ ಮಾಡುತ್ತ ಕೇಳುತ್ತಿದ್ದಳು. ನಾಲ್ಕಾರು ಹಾಡಾದ ಮೇಲೆ ಮೊದಲಿನ ಹಾಡಿನ ಧಾಟಿಯೇ ತಿರುಗಿ ಬಂತು. ಮಾತು ಮಾತ್ರ ಬೇರೆ.

"ಬಾಯಾರ, ಹಾಡು ಅದ ಐತಿ. ಹಾಡಾಕಿ ಬ್ಯಾರೆದಾಕಿ ಏನ್ರಿ?"

"ಅಲ್ಲ, ಅವಳೇ. ಮೊದಲು ಸ್ಪ್ಯಾನಿಷಿನಲ್ಲಿ ಹಾಡಿದಳು, ಈಗ ಇಂಗ್ಲಿಷಿನಲ್ಲಿ. ಈ ಆಲ್ಬಮ್ ಪೂರಾ ಹಾಗೇ ಇದೆ."

ಸಾವಂತ್ರೆವ್ವ ನಂಬಲಿಲ್ಲ. ಎರಡನ್ನೂ ಮತ್ತೆ ಹಾಕಿಸಿಕೊಂಡು ಹೊಸ್ತಿಲ ಮೇಲೆ ಕೂತಳು. ಒಂದು ಮಾತಿಗೂ ಅರ್ಥ ಗೊತ್ತಿಲ್ಲ. ಆದರೂ ಮೊದಲಿನದರಲ್ಲಿ ಯಾರದೋ ದಾರಿ ಕಾಯುತ್ತಿದ್ದವಳು ಎರಡನೆಯದರಲ್ಲಿ ಇನ್ನು ಕಾಯುವುದಿಲ್ಲ ಎಂದು ಎದ್ದು ನಿಂತಂತೆ ಕೇಳಿಸಿತು.

"ಒಂದ ಎದಿಯೊಳಗ ಇಬ್ಬರು ಹೆಂಗ ಇರ್ತಾರ್ರಿ?"

"ನೀನೂ ಎರಡು ಭಾಷೆಯವಳೇ ಅಲ್ಲವಾ?"

"ಕೊಂಕಣಿ ಸಂತ್ಯಾಗ ಮಾತಾಡಾಕ ಅಷ್ಟರಿ. ಹಾಡಾಕ ನನಗ ಕನ್ನಡ ಒಂದ."

ಹೇಳಿದಳು ನಿಜ, ಆದರೆ ಮನಸ್ಸು ಕೇಳಲಿಲ್ಲ. ಮಗಳು ನೀಲಾ ಕೊಂಕಣಿ ಮನೆತನಕ್ಕೆ ಸೊಸೆಯಾಗಿ ಹೋಗಿದ್ದಳು. ಮದುವೆಯಲ್ಲಿ ಸಾವಂತ್ರೆವ್ವ ಸೋಬಾನೆ ಎತ್ತಿದಾಗ ಬೀಗರ ಕಡೆಯ ಹೆಂಗಸರು ತಮ್ಮ ತಮ್ಮಲ್ಲೇ ಹರಟೆಗೆ ಕೂತಿದ್ದರು. ಈಗ ಮೊಮ್ಮಗಳ ತೊಟ್ಟಿಲ ಕಾರ್ಯ ಹತ್ತಿರ ಬಂದಿತ್ತು.

"ನಮ್ಮವ್ವನ ಜೋಗುಳ ಕೊಂಕಣಿಯೊಳಗ ಆಗತೈತೇನ್ರಿ?" ಎಂದು ಕೇಳಿಯೇಬಿಟ್ಟಳು.

"ಏನು ಹೇಳುತ್ತದೆ ಅದು?"

ಸಾವಂತ್ರೆವ್ವ ರಾಗ ಬಿಟ್ಟು ಬರೀ ಮಾತು ಹೇಳತೊಡಗಿದಳು. "ಅಪ್ಪ ಕಲ್ಲು ಹೊರಾಕ ಹೋಗ್ಯಾನ. ಅವ್ವ ನೀರಿಗೆ ಹೋಗ್ಯಾಳ. ತೊಟ್ಟಿಲ ತೂಗಾಕ ನಾ ಬಂದೇನಿ, ಹೆದರಬ್ಯಾಡ..."

ಅಲ್ಲಿಗೇ ನಿಂತಳು.

"ಯಾಕೆ?"

"ಮನ್ಯಾಗ ಯಾರೂ ಇಲ್ಲಲ್ರಿ! ಹಂಗಾರ ಇದನ್ನ ಹಾಡಾಕತ್ತಿದ್ದು ಯಾರು?"

ಮರಿಯಮಬಾಯಿ ಯೋಚಿಸಿ ಮೆಲ್ಲಗೆ, "ಗಾಳಿ ಇರಬೇಕು," ಎಂದಳು.

ಸಾವಂತ್ರೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವ್ವ ಹಾಡಿದ್ದು, ತಾನು ಹಾಡಿದ್ದು, ಕೂಸುಗಳು ಮಲಗಿದ್ದು, ಎಲ್ಲ ಆಗಿಹೋಗಿತ್ತು. ಇಷ್ಟು ವರ್ಷ ತನ್ನ ಬಾಯಲ್ಲಿ ಗಾಳಿ ಮಾತಾಡಿದ್ದು ಅವಳಿಗೆ ತಿಳಿದೇ ಇರಲಿಲ್ಲ.

ಕಾರ್ಯದ ದಿನ ಅವಳು, ಮರಿಯಮಬಾಯಿಯ ಜೊತೆ ಕೂತು ಹೊಂದಿಸಿಕೊಂಡಿದ್ದ ಮಾತುಗಳಲ್ಲಿ, ಕೊಂಕಣಿಯಲ್ಲೇ ಹಾಡಿದಳು. ದನಿ ಎಂದಿನಂತೆ ಗಟ್ಟಿಯಾಗಿ ಏಳದೆ ತೆಳ್ಳಗೆ, ಬಾಗಿಲ ಸಂದಿಯಿಂದ ನುಸುಳಿದ ಹಾಗೆ ಬಂತು. ಇದು ತನ್ನವ್ವನದೇ ದನಿಯೇ ಎಂದು ನೀಲಾ ಬೆರಗಾಗಿ ನೋಡಿದಳು. ಹರಟೆ ನಿಂತಿತು. "ಭಿಯೆಂವ್ ನಾಕಾ ಗೋ," ಹೆದರಬೇಡ ಕಣೇ, ಎಂಬಲ್ಲಿಗೆ ಬಂದಾಗ ತೊಟ್ಟಿಲು ತೂಗುತ್ತಿದ್ದ ಬೀಗತಿ ಗಂಗೀಬಾಯಿಯ ಕೈಯೂ ನಿಂತಿತು.

"ನಮ್ಮಮ್ಮ ಮೀನು ಮಾರಲು ಹೋದಾಗ ನಾನೂ ಹೀಗೇ ಒಬ್ಬಳೇ ಇರುತ್ತಿದ್ದೆ," ಎಂದಳು ಗಂಗೀಬಾಯಿ. ಯಾರಿಗೂ ಹೇಳದ ಮಾತು ಅದು. ಅವಳ ಮಗನೇ ತಿರುಗಿ ನೋಡಿದ. "ಈಗ ನಿಮ್ಮ ಭಾಷೆಯಲ್ಲಿ ಹಾಡಿ," ಎಂದಳು ಅವಳು ಸಾವಂತ್ರೆವ್ವನಿಗೆ.

ಸಾವಂತ್ರೆವ್ವ ಕನ್ನಡದಲ್ಲಿ ಹಾಡಿದಳು. ಆಮೇಲೆ ಎಲೆ ಹಾಕಿ ಊಟಕ್ಕೆ ಕರೆದರೂ ಗಂಗೀಬಾಯಿ ತೊಟ್ಟಿಲು ಬಿಟ್ಟು ಏಳಲಿಲ್ಲ. "ಹೆದರ್‌ಬ್ಯಾಡ್," ಎಂದು ಮೊಮ್ಮಗಳ ಮುಂದೆ ಬಾಗಿ ಹೇಳಿ ನೋಡುತ್ತಿದ್ದಳು. ನಾಲಿಗೆ ತಿರುಗದೆ ತಡವರಿಸಿದಾಗ ಸೊಸೆಯ ಕಡೆ ನೋಡಿ, "ಸರಿಯಾಯಿತಾ?" ಎಂದು ಕೇಳಿದಳು.