ಅಡ್ಡಗೆರೆ ಬಿದ್ದ ವಿಳಾಸಗಳು

ಹುಟ್ಟಿದಾಗ ನನ್ನೊಳಗೆ ಒಂದಕ್ಷರವೂ ಇರಲಿಲ್ಲ. ಮೈಸೂರಿನ ಬೈಂಡಿಂಗ್ ಅಂಗಡಿಯೊಂದರಲ್ಲಿ ಇನ್ನೂರು ಗೆರೆಹಾಳೆಗಳನ್ನು ಹೊಲಿದು, ಬೆನ್ನಿಗೆ ಕೆಂಪು ಬಟ್ಟೆ ಅಂಟಿಸಿ, ಭಾರದ ಕಲ್ಲಿನಡಿ ಒಣಗಲು ಇಟ್ಟರು. ನಾನು ನೋಟ್‌ಬುಕ್ ಆದದ್ದು ಹಾಗೆ. ಯಾವುದೋ ಮಗುವಿನ ಶಾಲೆಚೀಲಕ್ಕೆ ಹೋಗುತ್ತೇನೆ ಅಂದುಕೊಂಡಿದ್ದೆ. ಹೋದದ್ದು ಕಂಪ್ಯೂಟರುಗಳ ನಡುವೆ.

ನನ್ನನ್ನು ಕೊಂಡವರು ಅನಂತಶಯನ ಸಾರ್, ಒಂದು ಸಣ್ಣ ಸಾಫ್ಟ್‌ವೇರ್ ಕಚೇರಿಯ ಹಿರಿಯ ಎಂಜಿನಿಯರು. ಉಪಯೋಗಕ್ಕೆ ಬರುವ ಜಾಲತಾಣ ಕಂಡರೆ ಅದರ ವಿಳಾಸವನ್ನು ನೀಲಿ ಶಾಯಿಯಲ್ಲಿ ನನ್ನೊಳಗೆ ಬರೆಯುತ್ತಿದ್ದರು. ಪಕ್ಕದ ಮೇಜಿನ ಇರ್ಫಾನನಿಗೆ ಅದು ತಮಾಷೆ.

“ಏನ್ ಸಾರ್, ಎರಡೆರಡು ಮಾನಿಟರ್ ಇಟ್ಕೊಂಡು ಪೆನ್ನಲ್ಲಿ ಬರೀತೀರಲ್ಲ!”

“ನಿನ್ ಬುಕ್‌ಮಾರ್ಕ್ ಎಷ್ಟಿದೆಯಪ್ಪ?”

“ಆರುನೂರು ಇರ್ಬೋದು.”

“ತೆಗೆದು ನೋಡಿದ್ದು?”

ಇರ್ಫಾನ್ ನಕ್ಕು ಹೆಡ್‌ಫೋನ್ ಹಾಕಿಕೊಂಡ.

ಪ್ರತಿ ವಿಳಾಸದ ಪಕ್ಕದಲ್ಲಿ ಅದು ಯಾರಿಗೆ ಉಪಯೋಗವಾಯಿತು ಅಂತಲೂ ಸಾರ್ ಬರೆಯುತ್ತಿದ್ದರು. ‘ಫೋಟೊ ಚಿಕ್ಕದು ಮಾಡುವ ತಾಣ: ಕ್ಯಾಂಟೀನ್ ಪುಟ್ಟತಾಯಮ್ಮನ ಮಗಳ ಅರ್ಜಿಗೆ.’ ಶನಿವಾರ ಒಂದೊಂದನ್ನೂ ತೆರೆದು ನೋಡುವರು. ತೆರೆದರೆ ಸರಿ ಗುರುತು, ಮುಚ್ಚಿಹೋಗಿದ್ದರೆ ಅಡ್ಡಗೆರೆ. ಗೆರೆ ಎಳೆದ ಪುಟವನ್ನು ಮಾತ್ರ ಎಂದೂ ಹರಿಯಲಿಲ್ಲ.

ನಿವೃತ್ತಿಯ ದಿನ ನನ್ನನ್ನು ಶರ್ವಾಣಿಯ ಮೇಜಿನ ಮೇಲಿಟ್ಟರು. ಎರಡು ವರ್ಷದ ಹಿಂದೆ ಕೆಲಸಕ್ಕೆ ಸೇರಿ, ಅವರ ಎದುರು ಮೇಜಿಗೆ ಬಂದಿದ್ದ ಹುಡುಗಿ. ಮೀಟಿಂಗಿನಲ್ಲಿ ಉತ್ತರ ಗೊತ್ತಿದ್ದರೂ ಹೇಳುತ್ತಿರಲಿಲ್ಲ. ನನ್ನ ಕೊನೆಯ ಪುಟದಲ್ಲಿ ಸಣ್ಣಗೆ ಬರೆದು ಮುಚ್ಚಿಬಿಡುವಳು. ಫೋನ್ ಮಾಡುವುದೆಂದರೆ ಅವಳಿಗೆ ಜ್ವರ ಬಂದ ಹಾಗೆ.

ಒಂದು ದಿನ ಲೀಲಾವತಮ್ಮ ಎಂಬ ನಿವೃತ್ತ ಟೀಚರು ಹಳೆಯ ಸಿ.ಡಿ. ತಂದುಕೊಟ್ಟರು. ತೀರಿಹೋದ ಅವರ ಯಜಮಾನರು ಇಪ್ಪತ್ತು ವರ್ಷ ಊರೂರು ಸುತ್ತಿ ಬರೆದುಕೊಂಡಿದ್ದ ಗಿಡಗಳ ಹೆಸರುಗಳು ಅದರಲ್ಲಿದ್ದವು. ಅದನ್ನೊಂದು ಜಾಲತಾಣ ಮಾಡಿಕೊಡಬೇಕಿತ್ತು. ಶರ್ವಾಣಿ ತೆರೆದರೆ ಕನ್ನಡವೇ ಇಲ್ಲ, ಬರೀ ಇಂಗ್ಲಿಷ್ ಅಕ್ಷರ, ಚುಕ್ಕಿ, ಸೊನ್ನೆಗಳ ಗೋಜಲು. ಮಾತಾಡುವುದನ್ನು ತಪ್ಪಿಸಲು ಅವಳು ಮೇಲ್ ಕಳಿಸಿದಳು: ‘ಫೈಲುಗಳು ಕೆಟ್ಟಿವೆ. ಬೇರೆ ಪ್ರತಿ ಕಳಿಸಿ.’

ಮರುದಿನ ಲೀಲಾವತಮ್ಮ ತಾವೇ ಬಂದು ಕೂತರು.

“ಬೇರೆ ಪ್ರತಿ ಇಲ್ಲ ಕಣಮ್ಮ. ಟೈಪ್ ಆಯ್ತಲ್ಲ ಅಂತ ಅವರ ಕೈಬರಹದ ಹಾಳೆಗಳನ್ನೆಲ್ಲ ನಾನೇ ರದ್ದಿಗೆ ಹಾಕ್ಬಿಟ್ಟೆ.” ಮೇಜಿನ ಮೇಲಿದ್ದ ಸಿ.ಡಿ.ಯನ್ನು ಸವರಿ, “ನನ್ ಕೈಯಾರೆ,” ಅಂದರು.

ಶರ್ವಾಣಿ ನನ್ನನ್ನು ಎಳೆದುಕೊಂಡು ಪುಟ ಪುಟ ಹುಡುಕಿದಳು. ಎಪ್ಪತ್ತೊಂದನೆಯ ಪುಟದಲ್ಲಿ ಬೆರಳು ನಿಂತಿತು. ‘ಹಳೆಯ ಫಾಂಟಿನ ಕನ್ನಡವನ್ನು ಈಗಿನ ಯೂನಿಕೋಡಿಗೆ ಬದಲಿಸುವ ತಾಣ. ಗೋಜಲು ಕಂಡರೆ ಫೈಲು ಕೆಟ್ಟಿದೆ ಅಂದುಕೊಳ್ಳಬೇಡಿ.’ ವಿಳಾಸದ ಮೇಲೆ ಅಡ್ಡಗೆರೆ. ಅದರ ಕೆಳಗೆ: ‘ಮುಚ್ಚಿದೆ. ತಂತ್ರಾಂಶ ನನ್ನ ಬಳಿ ಇಳಿಸಿಟ್ಟಿದ್ದೇನೆ. ಕೇಳಿ.’ ಒಂದು ಫೋನ್ ನಂಬರು.

ಅವಳ ಅಂಗೈಯ ಬೆವರು ನನ್ನ ಹಾಳೆಗೆ ಹತ್ತಿತು. ನಂಬರು ಒತ್ತಿದಳು, ಅಳಿಸಿದಳು. ಎದುರಿಗೆ ಕೂತ ಲೀಲಾವತಮ್ಮನನ್ನು ನೋಡಿ ಮತ್ತೆ ಒತ್ತಿದಳು.

“ಸಾರ್... ನಾನು ಶರ್ವಾಣಿ.”

“ಅಬ್ಬ! ನಿನ್ ದನಿ ಹೀಗಿದೆಯೇನಮ್ಮ? ಎರಡು ವರ್ಷ ಎದುರುಗಡೆ ಕೂತಿದ್ದೆ, ಕೇಳೇ ಇರ್ಲಿಲ್ಲ. ಹೇಳು, ಏನಾಗಬೇಕು?”

ಸಾರ್ ಕಳಿಸಿದ ತಂತ್ರಾಂಶದಿಂದ ಅರ್ಧ ಗಂಟೆಯಲ್ಲಿ ಪರದೆಯ ಮೇಲೆ ಮೊದಲ ಸಾಲು ಮೂಡಿತು. ಲೀಲಾವತಮ್ಮ ಕನ್ನಡಕ ಏರಿಸಿ ಓದಿದರು: “ನೆಲನೆಲ್ಲಿ. ಹೇಳಿದವರು, ಸಂತೆಯಲ್ಲಿ ಸೊಪ್ಪು ಮಾರುವ ಕೆಂಪಮ್ಮ.” ಶರ್ವಾಣಿಯ ಕೈ ಹಿಡಿದುಕೊಂಡರು.

ಆ ಸಂಜೆ ಶರ್ವಾಣಿ ಆ ಪುಟದ ಅಂಚಿನಲ್ಲಿ ಬರೆದಳು: ‘ಲೀಲಾವತಮ್ಮನವರಿಗೆ ಉಪಯೋಗವಾಯಿತು.’

ಈಗ ನಾನು ಮೋಡೆಮ್ ಪಕ್ಕದ ಕಪಾಟಿನ ಮೂಲೆಯಲ್ಲಿದ್ದೇನೆ. ಬೆನ್ನಿನ ಬಟ್ಟೆ ಬಿಟ್ಟಿದೆ. ನನ್ನೊಳಗಿನ ಮುಕ್ಕಾಲು ವಿಳಾಸಗಳು ಎಲ್ಲಿಗೂ ಕರೆದೊಯ್ಯುವುದಿಲ್ಲ. ಮೊದಲೆಲ್ಲ ಪ್ರತಿ ಅಡ್ಡಗೆರೆಗೂ ನನ್ನ ಆಯಸ್ಸು ಅಷ್ಟು ಕಡಿಮೆಯಾಯಿತೆಂದು ಅಳುಕುತ್ತಿದ್ದೆ. ಈಗ ಹಾಗನ್ನಿಸುವುದಿಲ್ಲ. ಕೊನೆಯ ಪುಟದಲ್ಲಿ, ಹೇಳದೆ ಉಳಿದ ಅವಳ ಉತ್ತರಗಳ ಕೆಳಗೆ, ದೊಡ್ಡ ಅಕ್ಷರದಲ್ಲಿ ಒಂದು ಸಾಲಿದೆ: ‘ಯಾವುದೂ ತೆರೆಯದಿದ್ದರೆ ನನ್ನನ್ನು ಕೇಳಿ. ಶರ್ವಾಣಿ.’ ಪಕ್ಕದಲ್ಲಿ ಅವಳ ನಂಬರು.

ಆಗಾಗ ಯಾರೋ ನನ್ನನ್ನು ತೆರೆದು ಆ ನಂಬರಿಗೆ ಫೋನ್ ಮಾಡುತ್ತಾರೆ. ಎರಡನೆಯ ರಿಂಗಿಗೇ ಅವಳು ಎತ್ತುತ್ತಾಳೆ.