ಕೇಳಿದ್ದಷ್ಟೇ ಹೇಳುವ ಬೂದು ಗಿಳಿ

ನಾನು ಒಂದು ಗಿಳಿ. ಪೇರಳೆ ಮರಕ್ಕೆ ದಾಳಿ ಇಡುವ ಹಸಿರು ಗಿಳಿಯಲ್ಲ. ನನ್ನ ಮೈಯೆಲ್ಲ ಬೂದು, ಬಾಲ ಮಾತ್ರ ಕೆಂಡದ ಕೆಂಪು. ಗಂಗೊಳ್ಳಿ ಬಂದರಿನ ಜನ ಮೊದಲ ಸಲ ಕಂಡಾಗ, "ಇದೆಂಥದ್, ಬೂದಿಯಲ್ಲ್ ಹೊರಳಿದ್ ಗಿಳಿಯಾ?" ಎಂದು ನಕ್ಕಿದ್ದರು. ನಗಲಿ. ಅವರ ಹಸಿರು ಗಿಳಿಗಳು ಹುಟ್ಟಿ, ಹಣ್ಣು ತಿಂದು, ಸತ್ತೂ ಹೋದವು. ನಾನು ಮೂರು ತಲೆಮಾರು ನೋಡಿ ಇನ್ನೂ ಗಟ್ಟಿಯಾಗಿ ಕೂತಿದ್ದೇನೆ.

ನಾನು ಹುಟ್ಟಿದ್ದು ಕಡಲಿನಾಚೆ, ಘಾನಾ ದೇಶದ ಕಾಡಿನ ಒಂದು ಮರದ ಪೊಟರೆಯಲ್ಲಿ. ರೆಕ್ಕೆ ಬಲಿಯುವ ಮೊದಲೇ ಬಲೆಗಾರರು ಹಿಡಿದು ಟಾಕೊರಾಡಿ ಬಂದರಿನ ಸಂತೆಗೆ ತಂದರು. ಅಲ್ಲಿ ನನ್ನನ್ನು ಕೊಂಡವಳು ಎಫುವಾ. ಬಂದರಿನ ಗೇಟಿನ ಎದುರಿಗೆ ಅವಳದೊಂದು ಊಟದ ಅಂಗಡಿಯಿತ್ತು. ಮೀನು ಹುರಿಯುತ್ತ, ಗಿರಾಕಿಗಳಿಗೆ ಬೈಯುತ್ತ, ನಡುನಡುವೆ ನನಗೆ ಕಡಲೆಕಾಯಿ ಎಸೆಯುತ್ತ ಇರುತ್ತಿದ್ದಳು. ನಾನು ಮೊದಲು ಕಲಿತ ಸ್ವರ ಅವಳದೇ.

ಆ ಅಂಗಡಿಗೆ ಒಂದು ದಿನ ಹೆರಿಯಣ್ಣ ಬಂದ. ಗಂಗೊಳ್ಳಿಯ ಮೀನುಗಾರ ಮೊಗವೀರರ ಹುಡುಗ, ಒಂದು ಸರಕು ಹಡಗಿನಲ್ಲಿ ಸಾರಂಗ. ಎಂದರೆ ಖಲಾಸಿಗಳ ಮುಖ್ಯಸ್ಥ. ಹಡಗಿನ ಎಂಜಿನ್ ಕೆಟ್ಟು, ಬಿಡಿಭಾಗ ಬರಲಿಲ್ಲವೆಂದು ಅವರು ಒಂದು ಮಳೆಗಾಲ ಪೂರ್ತಿ ಅಲ್ಲೇ ಉಳಿಯಬೇಕಾಯಿತು. ಹೆರಿಯಣ್ಣ ದಿನಾ ಅವಳ ಕೈಯ ಊಟ ಉಂಡ. ಅವನಿಗೆ ಅವಳ ಭಾಷೆ ನಾಲಗೆಗೆ ಹತ್ತಲಿಲ್ಲ. ಅವಳು ಮಾತ್ರ ಅವನ ಕುಂದಾಪುರದ ಕನ್ನಡವನ್ನು ಮೀನಿನ ಮುಳ್ಳು ಬಿಡಿಸಿದಷ್ಟು ಸಲೀಸಾಗಿ ಕಲಿತಳು. ಅವಳ ಜೊತೆ ನಾನೂ ಕಲಿತೆ. ಕನ್ನಡದಲ್ಲಿ ನನಗೆ ಗುರು ಒಬ್ಬ ಆಫ್ರಿಕಾದ ಹೆಂಗಸು ಎಂದು ಹೇಳಿಕೊಳ್ಳಲು ನನಗೆ ಇವತ್ತಿಗೂ ಹೆಮ್ಮೆ.

ಹಡಗು ಸರಿಯಾಯಿತು. ಅವಳು, "ನಾನೂ ಬತ್ತೆ" ಎಂದಳು. ಅವನು ಊರವರ ಬಾಯಿಗೆ ಹೆದರಿ ತಲೆ ತಗ್ಗಿಸಿ, "ಊರಂಗೆ ಎಂತ ಹೇಳ್ತ್ರ್?" ಎಂದ. ಅವಳು ಮತ್ತೆ ಕೇಳಲಿಲ್ಲ. ನನ್ನ ಪಂಜರವನ್ನು ಅವನ ಕೈಗೆ ಕೊಟ್ಟಳು. ತನ್ನ ಮನೆಯಿಂದ ಒಂದು ಜೀವವಾದರೂ ಅವನ ಊರು ನೋಡಲಿ ಎಂದಿರಬೇಕು.

ಊರಿಗೆ ಬಂದ ಮೇಲೆ ಹೆರಿಯಣ್ಣ ನನ್ನನ್ನು ಸಂತೆಯಲ್ಲಿ ಕೊಂಡದ್ದೆಂದು ಎಲ್ಲರಿಗೂ ಹೇಳಿದ. ಊರಿನ ಹೆಣ್ಣನ್ನು ಮದುವೆಯಾದ. ಕಡಲಿಗೆ ಹೋಗಿ ಬಂದು ಮಾಡುತ್ತ ಮುದುಕನಾದ, ಹೆಂಡತಿಯನ್ನು ಕಳೆದುಕೊಂಡ. ಸಾರಂಗನಾದವನು ತನ್ನ ಹಡಗಿಗೆ ಆಳುಗಳನ್ನು ಊರಿನಿಂದಲೇ ಕರೆದೊಯ್ಯುವುದು ರೂಢಿ. ಹಾಗಾಗಿ ಬಂದರಿನ ಅರ್ಧ ಮನೆಗಳು ಅವನ ಋಣದಲ್ಲಿದ್ದವು, ಅವನ ಮಾತಿಗೆ ಎದುರಾಡುವವರಿರಲಿಲ್ಲ. ಮನೆಯಲ್ಲಿ ಯಾರು ಹೊರಟರೂ ನಾನು "ನಾನೂ ಬತ್ತೆ" ಅನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಅದಕ್ಕೆ ಅವನು ಅಂದು ಆಡಿದ ಎರಡನೆಯ ಮಾತನ್ನು ಮಾತ್ರ ನಾನು ಆಡಿರಲಿಲ್ಲ. ಉಪ್ಪು ತಿಂದ ಮನೆ ಎಂಬ ಮರ್ಯಾದೆ ಹಕ್ಕಿಗೂ ಇರುತ್ತದೆ.

ಮುಪ್ಪಿನಲ್ಲಿ ಅವನು ತನ್ನ ಜೀವನಚರಿತ್ರೆ ಬರೆದು ಅಚ್ಚು ಹಾಕಿಸಿದ. ಬರೆದದ್ದನ್ನೆಲ್ಲ ನನ್ನೆದುರೇ ಗಟ್ಟಿಯಾಗಿ ಓದುತ್ತಿದ್ದ. ನನ್ನನ್ನು ತರುವಾಗ ಎದ್ದ ಬಿರುಗಾಳಿಯ ಅಧ್ಯಾಯದಲ್ಲಿ ಒಂದು ಮಾತೂ ಸುಳ್ಳಿಲ್ಲ. ಕೇಳುವಾಗ ನನ್ನ ಪುಕ್ಕ ನಿಮಿರುತ್ತಿತ್ತು. ಕಷ್ಟವಿದ್ದದ್ದು ಅಲ್ಲೇ. ಗಾಳಿಯ ಬಗ್ಗೆ ಸತ್ಯ ಹೇಳಿದವನು ಹೆಂಗಸರ ಬಗ್ಗೆಯೂ ಸತ್ಯವನ್ನೇ ಹೇಳುತ್ತಾನೆಂದು ಜನ ನಂಬಿದರು. ಅವನು ಬರೆದಿದ್ದ: 'ಬಿಳಿ ಹೆಂಗಸು ನಗುತ್ತ ಕೈಬಿಡುತ್ತಾಳೆ, ಕರಿ ಹೆಂಗಸು ಅಳುತ್ತ ಕೈಬಿಡುತ್ತಾಳೆ. ಬಣ್ಣ ಬೇರೆಯಾದ ಗಂಡುಹೆಣ್ಣು ಮೂರು ಮಳೆಗಾಲ ಒಂದೇ ಸೂರಿನಡಿ ಉಳಿದದ್ದನ್ನು ಯಾವ ಬಂದರಿನಲ್ಲೂ ನಾನು ಕಂಡಿಲ್ಲ.' ಬಂದರಿನ ಕಟ್ಟೆಯ ಮೇಲೆ ಇದನ್ನು ಗಾದೆಯ ಹಾಗೆ ಹೇಳತೊಡಗಿದರು.

ಇಂಥವರನ್ನು ಗಿಳಿಪಾಠ ಒಪ್ಪಿಸುತ್ತಾರೆಂದು ಹಳಿಯುತ್ತಾರಲ್ಲ, ನನಗೆ ಸಿಟ್ಟು ಬರುವುದು ಅಲ್ಲೇ. ಗಿಳಿ ಕೇಳಿದ್ದನ್ನಷ್ಟೇ ಹೇಳುತ್ತದೆ. ಒಬ್ಬಳ ಮಾತು ಕೇಳಿ ಲೋಕದ ಹೆಂಗಸರೆಲ್ಲ ಹೀಗೇ ಎಂದು ಯಾವ ಗಿಳಿಯೂ ಇಲ್ಲಿಯವರೆಗೆ ಹೇಳಿಲ್ಲ.

ಹೆರಿಯಣ್ಣನ ತಂಗಿ ಜಲಜ, ಅವಳ ಮಗಳು ಸುಪ್ರೀತಾ. ಹೈಸ್ಕೂಲಿನಲ್ಲಿ ಟೀಚರು. ಅದೇ ಶಾಲೆಗೆ ಯಲ್ಲಾಪುರದ ಕಡೆಯಿಂದ ಗಣಿತದ ಮೇಷ್ಟ್ರಾಗಿ ಮಾದೇವ ಸಿದ್ದಿ ಬಂದಿದ್ದ. ಅವನ ಹಿರಿಯರು ಎಂದೋ ಆಫ್ರಿಕಾದಿಂದ ಬಂದವರು. ಅವನು ಮಾತ್ರ ಪಕ್ಕದ ಜಿಲ್ಲೆಯವನು, ಅವನ ಮನೆಮಾತು ಇಲ್ಲಿಯದೇ. ಇಬ್ಬರೂ ಮದುವೆಯಾಗಬೇಕೆಂದರು. ಮೊಗವೀರರಲ್ಲಿ ಸೋದರಮಾವನ ಒಪ್ಪಿಗೆಯಿಲ್ಲದೆ ಹೆಣ್ಣು ಮಂಟಪ ಹತ್ತುವುದಿಲ್ಲ, ಕೈಹಿಡಿದು ಕರೆತರಬೇಕಾದವನೇ ಅವನು. ಒಂದು ಮಧ್ಯಾಹ್ನ ತಾಯಿ, ಮಗಳು ಇಬ್ಬರೂ ಹೆರಿಯಣ್ಣನ ಜಗಲಿಗೆ ಬಂದರು.

ಹೆರಿಯಣ್ಣ ಪುಸ್ತಕ ತೆಗೆದು ಆ ಪುಟವನ್ನು ಓದಿದ.

ಸುಪ್ರೀತಾ ಕೇಳಿಸಿಕೊಂಡು ಮೆಲ್ಲಗೆ ಹೇಳಿದಳು: "ಮಾವ, ಈ ಪುಸ್ತಕ ನಾ ಎರಡ್ ಸಲ ಓದಿದೆ. ಕಪ್ತಾನಂಗೆ ಹೆಸ್ರಿತ್ತ್. ಅಡುಗಿ ಭಂಡಾರಿಗೆ ಹೆಸ್ರಿತ್ತ್. ಹಡಗಿನ್ ನಾಯಿಗೂ ಹೆಸ್ರ್ ಬರ್ದಿದ್ರಿ. ಹೆಂಗ್ಸರಿಗ್ ಮಾತ್ರ ಒಬ್ಳಿಗೂ ಹೆಸ್ರಿಲ್ಲೆ. ಎಂತಕೆ? ನೀವ್ ಅವ್ರಲ್ಲ್ ಎಷ್ಟ್ ಜನ್ರ್ ಹತ್ರ ಮಾತಾಡಿದ್ರಿ?"

"ಲೋಕ ಕಂಡವ ನಾನಾ, ನೀನಾ?" ಎಂದು ಅವನು ಗದರಿಸಿದ. ಬಂದರಿಗೆ ಹಡಗು ಬಂದರೆ ಹಗ್ಗ, ಲಂಗರು, ಸರಕು ಎಂದು ಸಾರಂಗನಿಗೆ ಬಿಡುವೇ ಇರುವುದಿಲ್ಲ, ಲೋಕವನ್ನು ಅವನು ಹೆಚ್ಚಾಗಿ ಡೆಕ್ಕಿನ ಮೇಲಿಂದಲೇ ಕಂಡದ್ದು. ಅದು ಅವನಿಗೂ ಗೊತ್ತಿತ್ತು.

ಜಲಜ ಅಳುತ್ತ ಎದ್ದಳು. "ಸಾಕ್ ಮಾರಾಯ್ತಿ. ಅಣ್ಣ ಇಲ್ಲೆ ಅಂದ್ರೆ ಇಲ್ಲೆ. ನಾ ಹೋತೆ."

"ನಾನೂ ಬತ್ತೆ" ಎಂದೆ.

ಆ ದಿನ ಯಾರೂ ನಗಲಿಲ್ಲ. ಸುಪ್ರೀತಾ ಪಂಜರದ ಹತ್ತಿರ ಬಂದಳು. "ಮಾವ, ಇದ್ ಅತ್ತೆ ಸ್ವರ ಅಲ್ಲ. ನಮ್ಮ ಬದಿಯವ್ರ ರಾಗವೂ ಅಲ್ಲ. ಇದ್ ಯಾರ್ ಸ್ವರ?"

ಹೆರಿಯಣ್ಣ ಪುಸ್ತಕ ಮಡಚಿ, "ಹಕ್ಕಿ ಎಂತದೋ ಹೇಳತ್ತ್, ಅದಕ್ಕೆಂತ ಬೆಲೆ?" ಎಂದ.

ಅದು ನನಗೆ ನಾಟಿತು. ಎಫುವಾಳ ಮಾತಿಗೆ ಬೆಲೆಯಿಲ್ಲವೇ? ಇಷ್ಟು ವರ್ಷ ಗಂಟಲಲ್ಲಿ ಕಟ್ಟಿಟ್ಟಿದ್ದ ಎರಡನೆಯ ಮಾತನ್ನು, ಅವನದೇ ಪ್ರಾಯದ ಸ್ವರದಲ್ಲಿ, ಜಗಲಿಯ ಮೂಲೆಮೂಲೆಗೂ ಕೇಳುವ ಹಾಗೆ ಹೇಳಿದೆ: "ಊರಂಗೆ ಎಂತ ಹೇಳ್ತ್ರ್?"

ಜಲಜ ಬಾಗಿಲಲ್ಲೇ ನಿಂತಳು. "ಇದ್ ನಿನ್ ಸ್ವರ ಅಣ್ಣಾ" ಎಂದಳು. "ನಿನ್ ಮದುವಿಗೆ ಮುಂಚಿಂದ್."

ಬಿರುಗಾಳಿಯಲ್ಲೂ ಹಗ್ಗ ಬಿಡದ ಆಸಾಮಿಯ ಕೈಯಿಂದ ಪುಸ್ತಕ ಜಾರಿತು. "ಎಫುವಾ" ಎಂದ. "ಅವ್ಳ ಹೆಸ್ರ್. ನಾ ಮಾತಾಡಿದ್ದ್ ಅವ್ಳೊಬ್ಳ ಹತ್ರ. ಕೈಬಿಟ್ಟದ್ದ್ ಅವ್ಳಲ್ಲ, ನಾನ್. ನಾನೇ ಉಳ್ದಿಲ್ಲೆ, ಮತ್ತೆ ಯಾರೂ ಉಳಿಯುದಿಲ್ಲೆ ಅಂದ್ ಬರ್ದೆ."

ಮದುವೆಯ ದಿನ ಸುಪ್ರೀತಾಳ ಕೈಹಿಡಿದು ಮಂಟಪಕ್ಕೆ ಕರೆತಂದವನು ಅವನೇ. ಬಂದರಿನವರು ಏನೇನೋ ಹೇಳಿದರು. ಅವನು ತಲೆ ಎತ್ತಿಕೊಂಡೇ ನಡೆದನಂತೆ. ನನ್ನನ್ನು ಮದುಮಕ್ಕಳಿಗೆ ಕೊಟ್ಟುಬಿಟ್ಟ.

ಈಗ ನಾನು ಯಲ್ಲಾಪುರದ ಹತ್ತಿರ ಅವರ ಮನೆಯಲ್ಲಿದ್ದೇನೆ. ಮಾದೇವನ ತಾಯಿ ಹಲಸಿನ ಬೀಜ ಬೇಯಿಸಿ ತಿನ್ನಿಸುತ್ತಾಳೆ. ನನ್ನ ಒಂದು ಕಣ್ಣು ಮಂಜಾಗಿದೆ, ಗಂಟಲು ಮಾತ್ರ ಹಾಗೇ ಇದೆ. ಈ ಮನೆಯಲ್ಲಿ ಮಳೆಗಾಲಗಳು ಬಂದು ಹೋದವು, ಇಬ್ಬರೂ ಒಂದೇ ಸೂರಿನಡಿ ಇದ್ದಾರೆ. ಜಗಳವಾಡುತ್ತಾರೆ, ಸಾರಿಗೆ ಉಪ್ಪು ಹೆಚ್ಚಾಯಿತೆಂದು. ಇದರಿಂದ ಲೋಕದ ಮದುವೆಗಳೆಲ್ಲ ಹೀಗೇ ಎಂದು ನಾನು ಹೇಳುವುದಿಲ್ಲ. ನಾನು ಕಂಡದ್ದು ಈ ಒಂದು ಮನೆ.

ಮೊನ್ನೆ ಹೆರಿಯಣ್ಣ ಬಸ್ಸಿನಲ್ಲಿ ಬಂದ. ಕೋಲೂರಿಕೊಂಡು ನನ್ನೆದುರು ಕೂತ. "ಅವ್ಳ್ ಸ್ವರ ಒಂದ್ಸಲ ಕೇಳ್ಸ್" ಎಂದ. ಅವನ ಪಾಲಿಗೆ ಆ ಸ್ವರ ಉಳಿದಿರುವುದು ನನ್ನ ಗಂಟಲಲ್ಲಿ ಮಾತ್ರ ಎಂಬುದು ಅವನಿಗೆ ಗೊತ್ತು. ಹಡಗು ಹೊರಡುವ ಬೆಳಿಗ್ಗೆ ಅವಳು ಅಂಗಡಿಯಲ್ಲಿ ಕೊನೆಯದಾಗಿ ಆಡಿದ ಮಾತೊಂದನ್ನು ನಾನು ಯಾರಿಗೂ ಕೊಟ್ಟಿರಲಿಲ್ಲ. ಅಂದು ಅವಳು ಅತ್ತಿರಲಿಲ್ಲ, ಬೈದಿರಲಿಲ್ಲ. ಅವನು ಮಾತ್ರ ಉಣ್ಣದೆಯೇ ಹೊರಟಿದ್ದ. ಕತ್ತು ನೆಟ್ಟಗೆ ಮಾಡಿ ಅದನ್ನು ಅವನಿಗೆ ಕೊಟ್ಟೆ:

"ಉಂಡ್ಕಂಡ್ ಹೋಗ್, ಹೆರಿಯಾ."

ಅವನು ಕಣ್ಣು ಮುಚ್ಚಿಕೊಂಡ. ಆಮೇಲೆ ಒಳಗೆ ತಿರುಗಿ ಸುಪ್ರೀತಾಳನ್ನು ಕರೆದ, "ಮಗಾ, ಒಂದ್ ಬಟ್ಲ್ ಅನ್ನ ಹಾಕ್. ಉಂಡ್ಕಂಡೇ ಹೋತೆ" ಎಂದ.